ಎಂಟನೇ ಟ್ರೇ

ಮಾರ್ಚ್ ೩, ಸೋಮವಾರ

ಅತ್ತೆಯ ಕಣ್ಣಿಗೆ ಮೂರು ಬಗೆಯ ಹನಿ. ಮೊದಲನೆಯದು ಹಾಕಿ ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೆಯದು. ಪೊರೆ ತೆಗೆದ ಡಾಕ್ಟರು ಆರು ವಾರ ಹೀಗೇ ನಡೆಯಬೇಕು ಎಂದಿದ್ದಾರೆ. ನಡುವಿನ ಹತ್ತು ನಿಮಿಷದಲ್ಲಿ ಎದ್ದು ಹೋದರೆ ನಾನು ಮರೆಯುತ್ತೇನೆ, ಕೂತು ಮಾತಾಡಿದರೆ ಇಬ್ಬರಿಗೂ ಜಗಳವಾಗುತ್ತದೆ. ಅದಕ್ಕೇ ಈ ನೋಟ್‌ಬುಕ್ಕು.

"ಏನು ಗೀಚ್ತಿದ್ದೀಯ?" ಎಂದರು, ಕಣ್ಣು ಮುಚ್ಚಿಕೊಂಡೇ.

"ನಿಮ್ಮ ಮೇಲೆ ದೂರು ಬರೀತಿದ್ದೀನಿ."

"ಬರಿ ಬರಿ. ಕಣ್ಣು ಸರಿಯಾದ್ಮೇಲೆ ಓದ್ತೀನಿ."

ಇವತ್ತು ದೂರು ಬರೆಯಲು ಅತ್ತೆಗಿಂತ ದೊಡ್ಡ ವಿಷಯ ಸಿಕ್ಕಿದೆ. ನಮ್ಮ ಕಾರ್ಖಾನೆಯಲ್ಲಿ ಮಾಡುವುದು ಲಿಫ್ಟಿನ ಬ್ರೇಕ್ ಶೂ. ಬಾಗಿದ ಉಕ್ಕಿನ ತುಂಡು, ಅದರ ಒಳಮೈಗೆ ಅಂಟಿಸಿದ ಕಪ್ಪು ಪದರ. ಕೊಳ್ಳುವ ಕಂಪನಿಯವರು ಪರೀಕ್ಷೆಗೆ ಹಾಕಿದಾಗ ಆರು ಶೂಗಳಲ್ಲಿ ಪದರ ಮೂಲೆಯಿಂದ ಎದ್ದು ಬಂದಿದೆಯಂತೆ. ಬೆಳಿಗ್ಗೆ ಮ್ಯಾನೇಜರು ಆರನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟು, ಸತ್ತ ಇಲಿ ತೋರಿಸುವವರ ಹಾಗೆ ನಿಂತರು. ಎಂಟು ತಿಂಗಳ ಹಿಂದೆ ಬಂದವರು. ಯಾವ ಮಾತಿಗೂ ಶೇಕಡಾ ಇಷ್ಟು ಎನ್ನದೆ ಅವರಿಗೆ ವಾಕ್ಯ ಮುಗಿಯದು, ಹಾಗಾಗಿ ಎಲ್ಲರೂ ಬೆನ್ನ ಹಿಂದೆ ಶೇಕಡಾ ಸಾಹೇಬರು ಎನ್ನುತ್ತಾರೆ.

"ನಿಮ್ಮ ವೇಳಾಪಟ್ಟಿ ಒಂದ್ಸಲ ನೋಡ್ಬೇಕು," ಎಂದರು.

ನೋಡಲಿ. ಉಕ್ಕನ್ನು ಉಜ್ಜಿ, ತೊಳೆದು, ಅಂಟು ಬಳಿದು ಟ್ರೇಯಲ್ಲಿ ಆರಲು ಬಿಡುತ್ತೇವೆ. ಆಮೇಲೆ ಕಪ್ಪು ಪದರ ಇಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತುವುದು. ಅಂಟು ಬಳಿದು ಅರವತ್ತು ನಿಮಿಷ ಆಗುವ ಮೊದಲು ಒತ್ತಿದರೆ ಅದಿನ್ನೂ ಹಸಿ. ತೊಂಬತ್ತು ದಾಟಿದರೆ ಒಣಗಿ ಸತ್ತಿರುತ್ತದೆ. ಒತ್ತಿದ ಮೇಲೆ ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಕಾಣುತ್ತವೆ, ಮೋಸ ಇರುವುದೇ ಅಲ್ಲಿ. ದಿನಕ್ಕೆ ಹನ್ನೆರಡು ಟ್ರೇ, ಅರ್ಧ ಗಂಟೆಗೆ ಒಂದು. ಯಾವುದು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಗೆರೆ ಎಳೆಯುವವಳು ನಾನು. ಈಗಿನ ಅಂಟು ಬಂದು ಒಂಬತ್ತು ವರ್ಷ, ನನ್ನ ವೇಳಾಪಟ್ಟಿಗೂ ಒಂಬತ್ತು ವರ್ಷ. ಇಷ್ಟು ದಿನ ಒಂದೇ ಒಂದು ಶೂ ವಾಪಸ್ ಬಂದದ್ದಿಲ್ಲ. ಈಗ ಬಂದಿದೆ ಎಂದರೆ ಬದಲಾದದ್ದು ಏನು? ಪ್ರೆಸ್ ನಡೆಸುತ್ತಿದ್ದ, ಎಲ್ಲರೂ ಪ್ರೆಸ್ ಮಾವ ಎಂದು ಕರೆಯುವ ಹಿರಿಯ ಜನವರಿ ಕೊನೆಗೆ ನಿವೃತ್ತನಾದ, ಅವನ ಜಾಗಕ್ಕೆ ಪ್ಯಾಕಿಂಗ್ ವಿಭಾಗದಿಂದ ಹೊಸಬಳೊಬ್ಬಳು ಬಂದಳು. ಇದಕ್ಕೆ ದೊಡ್ಡ ಪತ್ತೇದಾರಿ ಬೇಕಿಲ್ಲ.

ಎರಡನೇ ಹನಿಯ ಹೊತ್ತಾಯಿತು.

ಮಾರ್ಚ್ ೬, ಗುರುವಾರ

ಪ್ರತಿ ಶೂ ಮೇಲೆ ತಾರೀಖು ಮತ್ತು ಟ್ರೇ ಸಂಖ್ಯೆ ಗುದ್ದಿರುತ್ತದೆ. ಭೂತಗನ್ನಡಿ ಹಿಡಿದು ಆರನ್ನೂ ಓದಿದೆ. ಎಲ್ಲವೂ ಫೆಬ್ರವರಿಯವು. ಎಲ್ಲವೂ ಎಂಟನೇ ಟ್ರೇ, ಇಲ್ಲವೇ ಒಂಬತ್ತನೇ ಟ್ರೇ. ಬೇರೆ ಒಂದೂ ಇಲ್ಲ.

ಎಂಟನೇ ಟ್ರೇಗೆ ಅಂಟು ಬಳಿದು ಮುಗಿಯುವುದು ಹನ್ನೊಂದಕ್ಕೆ, ಒಂಬತ್ತನೆಯದಕ್ಕೆ ಹನ್ನೊಂದೂವರೆಗೆ. ಆಮೇಲೆ ಬ್ರಷ್ಷು ತೊಳೆಯುತ್ತಾರೆ, ಹನ್ನೆರಡಕ್ಕೆ ಊಟದ ಗಂಟೆ ಹೊಡೆಯುತ್ತದೆ. ನನಗೆ ಅಷ್ಟು ಸಾಕಾಯಿತು, ಊಟದ ಆತುರಕ್ಕೆ ಇವಳ ಕೈ ತಪ್ಪುತ್ತಿದೆ. ನನ್ನ ಮಹಡಿಯ ಕೋಣೆಯಿಂದ ನೇರ ಕೆಳಗೆ ಪ್ರೆಸ್ಸಿನ ಹತ್ತಿರ ಹೋಗಿ ಹೊಸಬಳನ್ನು ಎಲ್ಲರ ಮುಂದೆಯೇ ಕೇಳಿದೆ.

"ಊಟದ ಹೊತ್ತು ಬಂದ್ರೆ ನಿಂಗೆ ಕೈ ನಿಲ್ಲಲ್ವೇನಮ್ಮ?"

ಅವಳು ಬಿಸಿ ಕೈಗವಸು ಬಿಚ್ಚಿ, ಒಂದರ ಮೇಲೊಂದು ಇಟ್ಟು, ನನ್ನ ಕಡೆ ತಿರುಗಿದಳು. ಮೂವತ್ತೈದರ ಸುಮಾರು, ಗಟ್ಟಿ ಹೆಂಗಸು. "ನಾನು ಗಂಟೆ ಹೊಡೆದ್ರೆ ಹೋಗ್ತೀನಿ, ಗಂಟೆ ಹೊಡೆದ್ರೆ ಬರ್ತೀನಿ. ಬಂದು ನಿಮ್ಮ ಪಟ್ಟೀಲಿ ಇರೋ ಹಾಗೇ ಒತ್ತುತೀನಿ. ಬೇರೆ ಥರ ಮಾಡು ಅಂತ ಅದ್ರಲ್ಲಿ ಎಲ್ಲಾದ್ರೂ ಬರೆದಿದ್ಯಾ?"

"ಇಲ್ಲ."

"ಮತ್ತೆ?"

ಬಾಯಿ ಮಾತ್ರ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಾರ್ಚ್ ೧೦, ಸೋಮವಾರ

ಶೇಕಡಾ ಸಾಹೇಬರು ಕರೆದು ಬಾಗಿಲು ಹಾಕಿದರು. ಕೊಳ್ಳುವ ಕಂಪನಿಯ ಇನ್ಸ್‌ಪೆಕ್ಟರು ಇಪ್ಪತ್ತೆಂಟಕ್ಕೆ ಬರುತ್ತಾರೆ, ಅಷ್ಟರಲ್ಲಿ ಕಾರಣ ಬರೆದು ತೋರಿಸಬೇಕು. ಹೊಸಬಳು ಇನ್ನೂ ಆರು ತಿಂಗಳ ಪರೀಕ್ಷೆಯ ಮೇಲೆ ಇದ್ದಾಳೆ. ಪ್ರೆಸ್ಸಿನ ಕೈತಪ್ಪು ಎಂದು ಸಾಬೀತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ, ಪ್ಯಾಕಿಂಗ್‌ಗೂ ವಾಪಸ್ ತೆಗೆದುಕೊಳ್ಳುವುದಿಲ್ಲ.

"ಶೇಕಡಾ ತೊಂಬತ್ತು ಅವಳದ್ದೇ ಅನ್ಸುತ್ತೆ. ನೀವೇನಂತೀರಿ?"

"ನನ್ನ ವೇಳಾಪಟ್ಟೀಲಿ ತಪ್ಪಿಲ್ಲ ಸರ್. ಎಂಟೂ ಒಂಬತ್ತೂ ಸರಿಯಾಗಿ ಅರವತ್ತು ನಿಮಿಷಕ್ಕೆ ಪ್ರೆಸ್ಸಿಗೆ ಹೋಗುತ್ವೆ. ಬೇಕಿದ್ರೆ ಕಾಲಂ ಎಣಿಸಿ."

ಎಣಿಸಿದರು. ಹತ್ತು ಹತ್ತು ನಿಮಿಷದ ಕಾಲಂ, ಬೆರಳಿಟ್ಟು ಎರಡು ಸಲ ಎಣಿಸಿದರು. ಎರಡು ಸಲವೂ ಅರವತ್ತೇ ಬಂತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ. "ಅವ್ಳಿಗೆ ಮಕ್ಕಳಿದ್ದಾರಾ?"

"ಇಬ್ಬರು ಅಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಾನೆಲ್ಲಿ ಸಂಬಂಧ ಅಂದೆ. ಸುಮ್ನೆ ಕೇಳ್ದೆ."

ಅತ್ತೆ ಸುಮ್ಮನೆ ಕೇಳಿದ ಪ್ರಶ್ನೆ ಮೂವತ್ತು ವರ್ಷದಲ್ಲಿ ಒಂದೂ ಇಲ್ಲ.

ಮಾರ್ಚ್ ೧೧, ಮಂಗಳವಾರ

ತಲೆನೋವು. ಮೂರು ಹನಿಯೂ ಹಾಕಿದೆ. ಬರೆಯಲಾರೆ.

ಮಾರ್ಚ್ ೧೩, ಗುರುವಾರ

ಇವತ್ತು ಇಡೀ ದಿನ ಕೈಗಡಿಯಾರ ಹಿಡಿದು ಪ್ರೆಸ್ಸಿನ ಪಕ್ಕ ನಿಂತೆ. ತಪ್ಪು ಕಣ್ಣಾರೆ ಹಿಡಿಯಬೇಕು ಎಂದೇ ನಿಂತದ್ದು, ಸುಳ್ಳು ಯಾಕೆ ಹೇಳಲಿ. ಶಾಖ ನೋಡಿದೆ, ಒತ್ತಡ ನೋಡಿದೆ, ಪ್ರತಿ ಟ್ರೇ ಎಷ್ಟು ನಿಮಿಷ ಒಳಗಿತ್ತು ಎಂದು ಬರೆದುಕೊಂಡೆ. ಏಳನೇ ಟ್ರೇ ಹೊರಗೆ ಬಂದಾಗ ಹನ್ನೆರಡು. ಗಂಟೆ ಹೊಡೆಯಿತು, ಅವಳು ಊಟಕ್ಕೆ ಹೋದಳು, ನಾನೂ ಹೋದೆ. ಹನ್ನೆರಡು ನಲವತ್ತಕ್ಕೆ ಇಬ್ಬರೂ ವಾಪಸ್. ಎಂಟನೇ ಟ್ರೇ ಹಾಕಿದಳು, ಆಮೇಲೆ ಒಂಬತ್ತು. ಹಿಡಿದದ್ದು ಸರಿ, ಜೋಡಿಸಿದ್ದು ಸರಿ, ಒತ್ತಿದ್ದು ಸರಿ. ಸಂಜೆಯ ತನಕ ಒಂದು ಕೂದಲೆಳೆಯ ತಪ್ಪೂ ಸಿಗಲಿಲ್ಲ.

ಹೊರಡುವಾಗ ಅವಳೇ ಹತ್ತಿರ ಬಂದಳು. "ಸಿಕ್ತಾ?"

"ಇಲ್ಲ."

"ಹಂಗಾದ್ರೆ ಅದನ್ನೂ ಬರೀರಿ. ಸಿಗ್ಲಿಲ್ಲ ಅಂತ."

ಬರೆಯಲಿಲ್ಲ. ಆದರೆ ಒಪ್ಪಿಕೊಳ್ಳಬೇಕು, ಅವಳ ಕೆಲಸ ಅಚ್ಚುಕಟ್ಟು. ಹಾಗಾದರೆ ಆರು ಶೂ ಯಾಕೆ ಎದ್ದವು? ಅಂಟು ಹಳೆಯದೇ? ಡಬ್ಬಿಯ ತಾರೀಖು ನೋಡಿದೆ, ಹೊಸದು. ನನ್ನ ವೇಳಾಪಟ್ಟಿಯನ್ನಂತೂ ಯಾರೂ ಮುಟ್ಟುವ ಹಾಗಿಲ್ಲ. ಪ್ರೆಸ್ ಮಾವನನ್ನೇ ಹಿಡಿಯುತ್ತೇನೆ. ಒಂಬತ್ತು ವರ್ಷ ನನ್ನ ಗೆರೆಯ ಮೇಲೆ ಕೆಲಸ ಮಾಡಿ ಒಂದು ಶೂ ಹಾಳಾಗಲಿಲ್ಲ ಎಂದು ಅವನ ಕೈಯಲ್ಲಿ ಬರೆಸಿ ತರುತ್ತೇನೆ. ಆಗ ಶೇಕಡಾ ಸಾಹೇಬರು ಯಾವ ಶೇಕಡಾ ಹೇಳುತ್ತಾರೋ ನೋಡೋಣ.

ಮಾರ್ಚ್ ೧೬, ಭಾನುವಾರ

ಪ್ರೆಸ್ ಮಾವನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಹತ್ತುವಾಗ ಏದುಸಿರು ಬಂತು. ಬಾಗಿಲು ತೆಗೆದದ್ದು ಅವನ ಹೆಂಡತಿ. ನಾನು ಯಾರೆಂದು ಹೇಳುವ ಮೊದಲೇ, ಕಾರ್ಖಾನೆಯವಳು ಎಂದು ತಿಳಿದು ಕುರ್ಚಿ ಎಳೆದು ಕೂರಿಸಿ ಟೀ ಇಟ್ಟರು. ಮಾವ ಒಳಗೆ ಸ್ನಾನಕ್ಕೆ ಹೋಗಿದ್ದ.

"ಈಗ ನೋಡಿ ಹೇಗಿದ್ದಾರೆ," ಎಂದರು. "ಒಂದೂವರೆ ತಿಂಗಳಿಂದ ಹನ್ನೆರಡು ಗಂಟೆಗೆ ಸರಿಯಾಗಿ ಊಟ. ಹೊಟ್ಟೆಯುರಿ ಅನ್ನೋದು ಒಂದ್ಸಲಾನೂ ಬಂದಿಲ್ಲ. ಕೆಲಸದಲ್ಲಿದ್ದಾಗ ಎಲ್ಲರೂ ಉಂಡು ಎದ್ದ ಮೇಲೆ ಇವರದ್ದು ಊಟ. ಊಟದ ಕೋಣೆ ಬಾಗಿಲು ಹಾಕಿರ್ತಿತ್ತಂತೆ. ಆ ಬೆಂಕಿ ಪ್ರೆಸ್ಸಿನ ಪಕ್ಕ ಒಂದು ಖಾಲಿ ಟ್ರೇ ಬೋರಲು ಹಾಕ್ಕೊಂಡು ಒಬ್ಬರೇ ಕೂತು ತಿಂತಿದ್ರು. ಒಂಬತ್ತು ವರ್ಷ. ಆ ವೇಳಾಪಟ್ಟಿ ಬರೆಯೋ ಪುಣ್ಯಾತ್ಮರು ಯಾರೋ, ಅವರಿಗೆ ಹಸಿವು ಅನ್ನೋದೇ ಆಗಲ್ವಾ ಅಂತ ನಾನು ಕೇಳ್ತಿದ್ದೆ."

ನನ್ನ ಕೈಯಲ್ಲಿ ಟೀ ಲೋಟ ಹಾಗೇ ಉಳಿಯಿತು. "ಅದು ನಾನೇ," ಎಂದೆ.

ಆಕೆ ನನ್ನ ಮುಖ ನೋಡಿದರು. ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಕ್ಷಮಿಸಿ ಎಂದೂ ಅನ್ನಲಿಲ್ಲ. "ಟೀ ಕುಡೀರಿ, ಆರುತ್ತೆ," ಎಂದರು.

ಮಾವ ತಲೆ ಒರೆಸಿಕೊಳ್ಳುತ್ತ ಬಂದ. ನಾನು ಕೇಳಿದೆ, ಅವನು ಹೇಳಿದ. ಎಂಟನೇ ಟ್ರೇಯನ್ನು ಹನ್ನೆರಡಕ್ಕೇ ಪ್ರೆಸ್ಸಿಗೆ ಹಾಕುತ್ತಿದ್ದನಂತೆ, ಒಂಬತ್ತನೆಯದನ್ನು ಹನ್ನೆರಡೂವರೆಗೆ. ಎರಡೂ ಮುಗಿಯುವಾಗ ಒಂದು ಗಂಟೆ. ಆಮೇಲೆ ಊಟ.

"ಯಾಕೆ ಮಾವ? ನಾನು ಹಾಗೆ ಬರೆದಿರಲಿಲ್ವಲ್ಲ."

"ನೀವು ಹೇಗೆ ಬರೆದಿದ್ರೋ ನಂಗೇನು ಗೊತ್ತು. ಅಂಟು ಒಣಗಿ ಹೋಗುತ್ತಲ್ಲ, ನಾವು ಊಟಕ್ಕೆ ಹೋದ್ರೆ ಅದೇನು ಕಾಯುತ್ತಾ? ಮೊದಲನೇ ವಾರವೇ ಬೆರಳಿಟ್ಟು ನೋಡಿದ್ದೆ, ಗೊತ್ತಾಯ್ತು. ನಿಮಗೂ ಗೊತ್ತಿರುತ್ತೆ, ಬೇಕು ಅಂತಲೇ ಹಾಗೆ ಇಟ್ಟಿದ್ದೀರಿ ಅಂದ್ಕೊಂಡೆ."

"ನಂಗೆ ಹೇಳ್ಬಹುದಿತ್ತು."

"ನೀವು ಕೆಳಗೆ ಬಂದಿದ್ದು ಯಾವಾಗ?" ಎಂದ. ಬೈದದ್ದಲ್ಲ, ನಿಜವಾಗಿ ಕೇಳಿದ. ನನಗೂ ನೆನಪಾಗಲಿಲ್ಲ.

ಮೂರು ಮಹಡಿ ಹೇಗೆ ಇಳಿದೆನೋ. ಕಾಗದ ಬರೆಸಿ ತರಲು ಹೋದವಳು ಬರಿಗೈಯಲ್ಲಿ ಬಂದೆ. ಹಾದಿಯುದ್ದಕ್ಕೂ ಅವನನ್ನೇ ಬೈದುಕೊಂಡೆ. ಕೇಳದೆ ಹೇಳದೆ ತನ್ನಷ್ಟಕ್ಕೆ ನನ್ನ ವೇಳಾಪಟ್ಟಿ ತಿದ್ದಲು ಅವನು ಯಾರು?

ಮಾರ್ಚ್ ೧೭, ಸೋಮವಾರ

ಗಂಟೆ ಹೊಡೆದಾಗ ನಾನು ಊಟಕ್ಕೆ ಹೋಗಲಿಲ್ಲ. ಖಾಲಿ ಶೆಡ್ಡಿನಲ್ಲಿ ಎಂಟು, ಒಂಬತ್ತು ಎರಡು ಟ್ರೇಗಳ ಮುಂದೆ ಗಡಿಯಾರ ಹಿಡಿದು ಕೂತೆ. ಹನ್ನೊಂದಕ್ಕೆ ಅಂಟು ಬಳಿದ ಎಂಟನೇ ಟ್ರೇ ಪ್ರೆಸ್ಸಿಗೆ ಹೋದದ್ದು ಹನ್ನೆರಡು ನಲವತ್ತಕ್ಕೆ. ನೂರು ನಿಮಿಷ. ಒಂಬತ್ತನೆಯದು ಒಂದೂ ಹತ್ತಕ್ಕೆ, ಅದಕ್ಕೂ ನೂರು. ಹೋಗುವ ಮುಂಚೆ ಬೆರಳಿಟ್ಟೆ. ಬೆಳಿಗ್ಗೆಯ ಟ್ರೇಗಳಲ್ಲಿ ಬೆರಳಿಗೆ ಅಂಟುತ್ತದೆ. ಇದರಲ್ಲಿ ಬೆರಳು ಜಾರಿತು.

ಮೇಜಿಗೆ ಬಂದು ನನ್ನ ಕಾಗದ ಬಿಡಿಸಿದೆ. ಹತ್ತು ನಿಮಿಷಕ್ಕೊಂದು ಕಾಲಂ, ಅಚ್ಚುಕಟ್ಟಾಗಿ. ಊಟಕ್ಕೆ ಮಾತ್ರ ಒಂದು ಸಣ್ಣ ಸಂದು, ಅಡ್ಡಗೆರೆ ಎಳೆದು ಮುಚ್ಚಿದ್ದು. ಎಣಿಸುವಾಗ ಅದನ್ನು ಹಾರುವುದು ನನ್ನ ಅಭ್ಯಾಸ. ಹಳೆಯ ಅಂಟಿಗೆ ನಾಲ್ಕು ಗಂಟೆ ಅವಧಿ ಇತ್ತು, ಊಟ ಎಣಿಸಿದರೂ ಒಂದೇ ಬಿಟ್ಟರೂ ಒಂದೇ. ಹೊಸ ಅಂಟು ಬಂದಾಗ ಅಂಕಿ ಬದಲಾಯಿಸಿದೆ, ಕಾಗದ ಬದಲಾಯಿಸಲಿಲ್ಲ. ಮನುಷ್ಯರು ಕೆಲಸ ನಿಲ್ಲಿಸಿದರೆ ಅಂಟೂ ನಿಲ್ಲಿಸುತ್ತದೆ ಎಂಬಂತೆ ಬರೆದಿದ್ದೇನೆ. ಮೊನ್ನೆ ಮ್ಯಾನೇಜರೂ ಎರಡು ಸಲ ಹಾಗೇ ಎಣಿಸಿದರು, ನಾನು ಪಕ್ಕದಲ್ಲಿ ಎದೆಯುಬ್ಬಿಸಿ ನಿಂತಿದ್ದೆ.

ಗುರುವಾರ ಇಡೀ ದಿನ ತಪ್ಪು ಹುಡುಕುತ್ತ ನಿಂತವಳು, ತಪ್ಪು ನಡೆಯುವ ನಲವತ್ತು ನಿಮಿಷ ಊಟಕ್ಕೆ ಹೋಗಿದ್ದೆ. ಥೂ ನನ್ನ.

ಮಾರ್ಚ್ ೧೮, ಮಂಗಳವಾರ

ಯಾರಿಗೂ ಹೇಳಿಲ್ಲ. ಪರೀಕ್ಷೆಗೆ ಬೇಕು ಎಂದು ಸುಳ್ಳು ಹೇಳಿ ಎಂಟು, ಒಂಬತ್ತು ಎರಡಕ್ಕೂ ಅಂಟು ಬಳಿಯುವುದನ್ನೇ ನಿಲ್ಲಿಸಿದೆ. ಸದ್ದಿಲ್ಲದೆ ವೇಳಾಪಟ್ಟಿ ತಿದ್ದಿಬಿಟ್ಟರೆ ಇನ್ನು ಮುಂದೆ ಒಂದು ಶೂ ಹಾಳಾಗದು. ಯಾರಿಗೆ ಗೊತ್ತಾಗುತ್ತದೆ?

ಮೊದಲ ಹನಿ ಹಾಕಿದ ಮೇಲೆ ಅತ್ತೆ ಕೇಳಿದರು. "ಎರಡು ದಿನದಿಂದ ನೀನು ಜಗಳ ಆಡ್ತಿಲ್ಲ. ಮೈ ಹುಷಾರಿಲ್ವಾ?"

ಹೇಳಿದೆ. ಎಲ್ಲ ಹೇಳಿದೆ. ಹತ್ತು ನಿಮಿಷ ಸಾಲದೆ ಎರಡನೇ ಹನಿಯ ಹೊತ್ತು ಮೀರಿತು.

"ಇಷ್ಟೇನಾ," ಎಂದರು. "ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ಎಮ್ಮೆ ಸುಮ್ನೆ ನಿಂತಿದ್ಯಲ್ಲ, ಅದಕ್ಕೊಂದು ನಮಸ್ಕಾರ."

"ಅವಳೇನು ಸುಮ್ನೆ ನಿಂತಿಲ್ಲ. ಮೊದಲನೇ ದಿನವೇ ಹೇಳಿದ್ದಳು, ನಿಮ್ಮ ಪಟ್ಟೀಲಿ ಇರೋ ಹಾಗೇ ಮಾಡ್ತೀನಿ ಅಂತ."

"ಮತ್ತೆ ನೀನು ಯಾಕೆ ಕೂತಿದ್ದೀಯ? ಉಪ್ಪು ತಿಂದೋಳು ನೀನು, ನೀರು ಅವಳು ಕುಡೀಬೇಕಾ?"

ನನಗೆ ಸಿಟ್ಟು ಬಂತು. ಅತ್ತೆಯ ಮೇಲೆ ಬಂದರೆ ಹೇಗೋ ತಡೆದುಕೊಳ್ಳುತ್ತೇನೆ, ಇದು ಹಾಗಿರಲಿಲ್ಲ.

ಮಾರ್ಚ್ ೨೦, ಗುರುವಾರ

ಮ್ಯಾನೇಜರ ಮೇಜಿನ ಮೇಲೆ ಕಾಗದ ಹಾಸಿ, ಊಟದ ಸಂದಿನ ಮೇಲೆ ಬೆರಳಿಟ್ಟು ಹೇಳಿದೆ. "ತಪ್ಪು ಇಲ್ಲಿದೆ ಸರ್. ನಂದೇ ತಪ್ಪು."

ಅವರು ಕಾಗದವನ್ನು ಮೆಲ್ಲಗೆ ಮಡಚಿದರು. "ಇದನ್ನ ಇಲ್ಲೇ ಬಿಡಿ."

"ಅಂದ್ರೆ?"

"ಕೈತಪ್ಪು ಅಂತ ಬರೆದ್ರೆ ಆರು ಶೂಗೆ ಮುಗೀತು. ವೇಳಾಪಟ್ಟಿ ತಪ್ಪು ಅಂದ್ರೆ ಫೆಬ್ರವರಿ ಒಂದರಿಂದ ಪ್ರತಿ ದಿನ ಎರಡು ಟ್ರೇ. ಎಲ್ಲಾ ವಾಪಸ್ ಕರೆಸ್ಬೇಕು. ಎಷ್ಟಾಗುತ್ತೆ ಗೊತ್ತಾ?"

"ಗೊತ್ತು. ಮೂವತ್ತೆಂಟು ದಿನ, ಎಪ್ಪತ್ತಾರು ಟ್ರೇ. ಟ್ರೇಗೆ ಹನ್ನೆರಡು ಶೂ."

"ಅದ್ರಲ್ಲಿ ನಿಜವಾಗಿ ಕೆಡೋದು ಶೇಕಡಾ ಒಂದಿರಬಹುದು."

"ಲಿಫ್ಟಲ್ಲಿ ನಿಂತಿರೋರಿಗೆ ತಾವು ಯಾವ ಶೇಕಡಾದಲ್ಲಿ ಇದ್ದೀವಿ ಅಂತ ಗೊತ್ತಿರಲ್ಲ ಸರ್."

ಅವರ ಮುಖ ಕೆಂಪಾಯಿತು. ನನ್ನ ಸರ್ವೀಸ್ ಎಷ್ಟು ವರ್ಷ ಉಳಿದಿದೆ ಎಂದು ಕೇಳಿದರು. ನಾಲ್ಕು ಎಂದೆ. ನಾಲ್ಕು ವರ್ಷ ನೆಮ್ಮದಿಯಾಗಿ ಕಳೆಯಬಹುದಲ್ಲ ಎಂದರು. ನೆಮ್ಮದಿಯಾಗಿ ಕಳೆಯುವ ಜಾತಕ ನನ್ನದಲ್ಲ ಎಂದು ಎದ್ದು ಬಂದೆ. ಕಾಗದವನ್ನು ಅವರ ಮೇಜಿನಿಂದ ಎತ್ತಿಕೊಂಡೇ ಬಂದೆ.

ಮಾರ್ಚ್ ೨೧, ಶುಕ್ರವಾರ

ಪ್ರೆಸ್‌ನಾಕೆಗೆ (ಇನ್ನು ಹೊಸಬಳು ಎನ್ನಲು ಮನಸ್ಸಿಲ್ಲ) ಹೇಳಲು ಮೂರು ಸಲ ಹೋಗಿ ಮೂರು ಸಲ ವಾಪಸ್ ಬಂದೆ. ನಾಲ್ಕನೇ ಸಲ ಆಕೆಯೇ, "ಏನು, ಇನ್ನೊಂದು ತಪ್ಪು ಹುಡುಕೋಕೆ ಬಂದ್ರಾ?" ಎಂದಳು.

"ಸಿಕ್ತು," ಎಂದೆ. "ನಂದು."

ಹೇಳಿ ಮುಗಿಸುವವರೆಗೆ ಆಕೆ ಪ್ರೆಸ್ಸಿನ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಇಪ್ಪತ್ತೆಂಟಕ್ಕೆ ಇನ್ಸ್‌ಪೆಕ್ಟರ ಮುಂದೆ ಹೇಳುತ್ತೇನೆ, ನಿನ್ನ ಕೆಲಸ ಉಳಿಸುತ್ತೇನೆ ಎಂದೆ. ಆಗ ತಿರುಗಿದಳು.

"ಉಳಿಸ್ತೀನಿ ಅನ್ಬೇಡಿ. ಬಾವಿಗೆ ತಳ್ಳಿದೋರು ಹಗ್ಗ ಹಿಡ್ಕೊಂಡು ಬಂದ್ರೆ ಅದನ್ನ ಉಪಕಾರ ಅನ್ನಲ್ಲ. ಹದಿನೈದು ದಿನದಿಂದ ನನ್ನ ಜೊತೆ ಯಾರೂ ಊಟಕ್ಕೆ ಕೂರ್ತಿಲ್ಲ, ಗೊತ್ತಾ? ಹೆಸರು ಕೆಡಿಸ್ಕೊಂಡೋಳ ಪಕ್ಕ ಕೂತ್ರೆ ತಮಗೂ ಬರುತ್ತೆ ಅಂತ. ನೀವು ಎಲ್ಲರ ಮುಂದೆ ಕೇಳಿದ್ರಿ. ಈಗ ಹೇಳೋದು ಮಾತ್ರ ನನ್ನ ಕಿವೀಲಿ."

ಪಕ್ಕದಲ್ಲಿದ್ದ ಖಾಲಿ ಟ್ರೇಯನ್ನು ಕಂಬಕ್ಕೆ ಎರಡು ಸಲ ಬಡಿದೆ. ಅಂಟು ಬಳಿಯುವವರು, ತೊಳೆಯುವವರು, ಎಲ್ಲರೂ ತಿರುಗಿ ನೋಡಿದರು. "ಆ ಆರು ಶೂ ಹಾಳಾಗಿದ್ದು ನನ್ನ ವೇಳಾಪಟ್ಟಿಯಿಂದ," ಎಂದೆ. "ಇವರದ್ದು ಏನೂ ತಪ್ಪಿಲ್ಲ. ಅವತ್ತು ನಾನು ಆಡಿದ್ದು ತಪ್ಪು ಮಾತು."

ಸ್ವರ ನಡುಗಿತು. ನಡುಗಲಿ. ಐವತ್ತನಾಲ್ಕು ವರ್ಷಕ್ಕೆ ಇಷ್ಟಾದರೂ ನಡುಗದಿದ್ದರೆ ಹೇಗೆ.

ಆಕೆ ಪ್ರೆಸ್ಸಿನ ಕಡೆ ತಿರುಗಿದಳು. ಅಂಟು ಬಳಿಯುವ ಮುದುಕ ಮಾತ್ರ, "ಮೊದಲೇ ಕೇಳಿದ್ರೆ ನಾವೇ ಹೇಳ್ತಿದ್ವಲ್ಲ ಅಮ್ಮ, ಮಾವ ಊಟಕ್ಕೆ ಬರ್ತಿರಲಿಲ್ಲ ಅಂತ," ಎಂದ. ಎಲ್ಲರಿಗೂ ಗೊತ್ತಿತ್ತು.

ಮಾರ್ಚ್ ೨೫, ಮಂಗಳವಾರ

ನಾಲ್ಕು ದಿನದಿಂದ ಅಡುಗೆಮನೆ ಮೇಜಿನ ತುಂಬ ಕಾಗದ. ಈ ಸಲ ಊಟಕ್ಕೆ ನಲವತ್ತು ನಿಮಿಷದ ಪೂರ್ತಿ ಅಗಲ ಕೊಟ್ಟು ಗೆರೆ ಎಳೆದೆ. ಎರಡು ಟ್ರೇ ಬಿಡಬೇಕಾಗುತ್ತದೆ ಅಂದುಕೊಂಡಿದ್ದೆ. ಬ್ರಷ್ಷು ತೊಳೆಯಲು ಎಷ್ಟು ಹೊತ್ತು, ಪ್ರೆಸ್ಸಿಗೆ ತುಂಬಲು ಎಷ್ಟು ಹೊತ್ತು ಎಂದು ಕೆಳಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬಂದು ಮತ್ತೆ ಎಳೆದೆ. ಎಂಟನೆಯದು ಒಂದನ್ನು ಬಿಟ್ಟರೆ ಸಾಕು. ಹನ್ನೊಂದೂವರೆಯ ಒಂಬತ್ತನೇ ಟ್ರೇ ಊಟ ಮುಗಿದ ಕೂಡಲೇ, ಎಪ್ಪತ್ತನೇ ನಿಮಿಷಕ್ಕೆ ಪ್ರೆಸ್ಸಿಗೆ ಹೋಗುತ್ತದೆ. ಹನ್ನೊಂದು ಗಂಟೆಯ ಟ್ರೇ ಮಾತ್ರ ಯಾವ ದಾರಿಯಲ್ಲೂ ಬದುಕುವುದಿಲ್ಲ. ಅದಕ್ಕೆ ಅಂಟು ಬಳಿಯಲೇಬಾರದು.

ದಿನಕ್ಕೆ ಹನ್ನೆರಡರ ಬದಲು ಹನ್ನೊಂದು. ಮ್ಯಾನೇಜರಿಗೆ ತೋರಿಸಿದೆ.

"ಅದೆಲ್ಲ ಯಾಕೆ? ಹಳೆಯೋನ ಥರ ಅವಳೂ ಆಮೇಲೆ ಉಂಡರಾಯ್ತು. ಒಂದು ಮಾತು ಹೇಳಿ ಸಾಕು, ಹನ್ನೆರಡು ಹನ್ನೆರಡಾಗೇ ಇರುತ್ತೆ. ವರದೀಲಿ ಏನು ಬರೀಬೇಕು ಅಂತ ನಾನು ನೋಡ್ಕೋತೀನಿ."

ಆ ಮಾತು ನನಗಿಂತ ಮೊದಲೇ ಕೆಳಗೆ ತಲುಪಿತ್ತು. ಪ್ರೆಸ್‌ನಾಕೆ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. "ಪರವಾಗಿಲ್ಲ, ನಾನು ನಿಲ್ತೀನಿ," ಎಂದಳು. "ಕೆಲಸ ಉಳಿದ್ರೆ ಸಾಕು. ಒಂದು ಗಂಟೆಗೆ ಉಂಡ್ರೆ ಸಾಯಲ್ಲ."

"ಪ್ರೆಸ್ ಮಾವನ ಹೆಂಡತಿಯನ್ನ ಕೇಳಿ ಬಾ."

"ನನ್ನ ಹೊಟ್ಟೆ, ನಾನು ನೋಡ್ಕೋತೀನಿ. ನಿಮಗೇನು?"

"ನನ್ನ ಗೆರೆ, ನಾನು ನೋಡ್ಕೋತೀನಿ," ಎಂದೆ. ಇಬ್ಬರೂ ದುರುಗುಟ್ಟಿ ನೋಡಿಕೊಂಡು ನಮ್ಮ ನಮ್ಮ ದಾರಿ ಹಿಡಿದೆವು. ಒಂದು ಸಲ ಒಬ್ಬನ ಹೊಟ್ಟೆಯ ಮೇಲೆ ಒಂಬತ್ತು ವರ್ಷ ನಿಂತಿದ್ದಾಗಿದೆ. ಅದು ಗೊತ್ತಿಲ್ಲದೆ ಆದದ್ದು. ಗೊತ್ತಿದ್ದೂ ಇನ್ನೊಬ್ಬಳ ಹೊಟ್ಟೆಯ ಮೇಲೆ ನಿಲ್ಲಲಾರೆ, ಆಕೆ ಬೇಡಿಕೊಂಡರೂ.

ಮಾರ್ಚ್ ೨೭, ಗುರುವಾರ

ನಾಳೆ. ಸೀರೆ ಇಸ್ತ್ರಿ ಮಾಡಿಟ್ಟೆ. ಅತ್ತೆ ಒಂದು ಕಣ್ಣಿನಲ್ಲಿ ನೋಡಿ, "ಮದುವೆಗಾ?" ಎಂದರು.

ಮಾರ್ಚ್ ೨೮, ಶುಕ್ರವಾರ

ಇನ್ಸ್‌ಪೆಕ್ಟರು ಸಣಕಲು ಮನುಷ್ಯ, ಕನ್ನಡಕ ಹಣೆಯ ಮೇಲೆ. ಮ್ಯಾನೇಜರು ಓದಿದ ವರದಿ ಎರಡೇ ಪುಟ. ಪ್ರೆಸ್ಸಿನಲ್ಲಿ ಹೊಸ ಕೈ, ಆರು ಶೂ, ಕ್ರಮ ಕೈಗೊಳ್ಳಲಾಗುವುದು. ಪ್ರೆಸ್‌ನಾಕೆಯನ್ನು ಬಾಗಿಲ ಬಳಿ ನಿಲ್ಲಿಸಿದ್ದರು, ಕೂರಲು ಹೇಳಿರಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ಅಳುಕು ಎಲ್ಲಿ ಹೋಯಿತೋ.

ನನ್ನ ಹಳೆಯ ಕಾಗದವನ್ನು ಅವರ ವರದಿಯ ಮೇಲೆಯೇ ಹಾಸಿದೆ. "ಇವರು ನನ್ನ ವೇಳಾಪಟ್ಟಿ ಹೇಳಿದ್ದನ್ನೇ ಮಾಡಿದ್ದಾರೆ. ವೇಳಾಪಟ್ಟಿ ಹೇಳಿದ್ದೇ ತಪ್ಪು. ಊಟದ ನಲವತ್ತು ನಿಮಿಷ ನಾನು ಎಣಿಸಿರಲಿಲ್ಲ." ಫೆಬ್ರವರಿ ಒಂದರಿಂದ ಮಾರ್ಚ್ ಹದಿನೇಳರವರೆಗಿನ ಎಪ್ಪತ್ತಾರು ಟ್ರೇಗಳ ಸಂಖ್ಯೆ ಬರೆದ ಹಾಳೆ ಕೊಟ್ಟೆ. "ಇವೆಲ್ಲ ವಾಪಸ್ ತರಿಸಿ. ಲಿಫ್ಟಿಗೆ ಹಾಕಿದ್ರೆ ಬಿಚ್ಚಿಸಿ."

ಮ್ಯಾನೇಜರು ಏನೋ ಹೇಳಲು ಹೋದರು. ಇನ್ಸ್‌ಪೆಕ್ಟರು ಕೈ ಎತ್ತಿ ತಡೆದು, ಕನ್ನಡಕ ಕಣ್ಣಿಗೆ ಇಳಿಸಿ, ಕಾಲಂ ಎಣಿಸಿದರು. ಊಟದ ಸಂದಿಗೆ ಬಂದಾಗ ಅವರ ಬೆರಳೂ ಹಾರಿತು. ನಿಂತು, ಹಿಂದೆ ಬಂದು, ಮತ್ತೆ ಎಣಿಸಿದರು. ಎಪ್ಪತ್ತಾರು ಟ್ರೇಗಳ ಹಾಳೆಯನ್ನು ತಮ್ಮ ಫೈಲಿಗೆ ಹಾಕಿಕೊಂಡರು.

"ಈಕೆ ಯಾಕೆ ನಿಂತಿದ್ದಾರೆ?" ಎಂದು ಬಾಗಿಲ ಕಡೆ ನೋಡಿ ಕೇಳಿದರು.

ಕುರ್ಚಿ ಬಂತು. ಪ್ರೆಸ್‌ನಾಕೆ ಕೂತಳು. ಕೂತು ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ನಾನು ಗೋಡೆಯ ಕಡೆ ನೋಡಿದೆ, ನನ್ನ ಕಣ್ಣಿಗೂ ಯಾರೋ ಹನಿ ಹಾಕಿದ ಹಾಗಾಗಿತ್ತು.

ಸಂಜೆ ಎರಡು ಪತ್ರ ಟೈಪಾದವು. ಆಕೆಯದ್ದು ಕಾಯಂ ಪತ್ರ. ನನ್ನದರಲ್ಲಿ, ಏಪ್ರಿಲ್ ಮುಗಿಯುವವರೆಗೆ ವೇಳಾಪಟ್ಟಿ ನೋಡಿಕೊಂಡು ಮೇ ಒಂದರಿಂದ ಗೋದಾಮಿಗೆ ಹೋಗತಕ್ಕದ್ದು ಎಂದಿದೆ. ಗೋದಾಮು ಎಂದರೆ ತಗಡಿನ ಮಾಡು, ಕಿಟಕಿ ಇಲ್ಲ. ಅತ್ತೆಗೆ ಓದಿ ಹೇಳಿದೆ.

"ಇನ್ನೂ ಒಂದು ತಿಂಗಳು ಕೊಟ್ಟಿದ್ದಾರಲ್ಲ," ಎಂದರು. "ತಪ್ಪು ಮಾಡಿದ್ದಾರೆ."

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ ಹೊಸ ವೇಳಾಪಟ್ಟಿಯನ್ನು ಶೆಡ್ಡಿನ ಕಂಬಕ್ಕೆ ಅಂಟಿಸಿದೆ. ಏಳನೇ ಸಾಲು, ಆಮೇಲೆ ಒಂಬತ್ತು. ನಡುವಿನ ಎಂಟನ್ನು ಖಾಲಿ ಬಿಟ್ಟಿದ್ದೇನೆ, ಒಂಬತ್ತನ್ನೇ ಎಂಟು ಎಂದು ಬರೆದು ಜಾಗ ಮುಚ್ಚಿದರೆ ನಾಳೆ ಯಾರಾದರೂ ಒಂದು ಟ್ರೇ ತೂರಿಸುತ್ತಾರೆ. ಕಂಬದ ಸುತ್ತ ಎಲ್ಲರೂ ನಿಂತು ಓದಿದರು. ಒಂಬತ್ತು ವರ್ಷದಲ್ಲಿ ನನ್ನ ಕಾಗದವನ್ನು ಜನ ನಿಂತು ಓದಿದ್ದನ್ನು ನಾನು ನೋಡಿರಲಿಲ್ಲ, ನೋಡಲು ಅಲ್ಲಿ ಇರುತ್ತಲೂ ಇರಲಿಲ್ಲ.

ಹನ್ನೆರಡಕ್ಕೆ ಏಳನೇ ಟ್ರೇ ಹೊರಬಂತು. ಗಂಟೆ ಹೊಡೆಯಿತು. ಪ್ರೆಸ್‌ನಾಕೆ ಕೈಗವಸು ಬಿಚ್ಚದೆ ಸುತ್ತ ನೋಡಿದಳು. ಆರಿ ಸಿದ್ಧವಾಗಿ ಕಾಯುವ ಟ್ರೇ ಯಾವುದೂ ಇರಲಿಲ್ಲ.

"ಏನೂ ಇಲ್ವಾ?"

"ಏನೂ ಇಲ್ಲ."

"ನಿಲ್ತೀನಿ ಅಂದಿದ್ನಲ್ಲ ನಾನು."

"ನಿಂತು ಏನು ಒತ್ತುತೀಯ, ಗಾಳೀನಾ?"

ಆಕೆ ಇನ್ನೊಂದು ನಿಮಿಷ ನಿಂತಳು, ನನ್ನ ಮೇಲಿನ ಹಟಕ್ಕೆ. ಆಮೇಲೆ ಕೈ ತೊಳೆದು ಊಟದ ಕೋಣೆಗೆ ಹೋದಳು. ತೊಳೆಯುವ ವಿಭಾಗದ ಇಬ್ಬರು ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ನನಗೆ ಯಾರೂ ಜಾಗ ಮಾಡಲಿಲ್ಲ, ನಾನೇ ಎದುರು ಬೆಂಚಿನ ತುದಿಯಲ್ಲಿ ತೂರಿಕೊಂಡು ಡಬ್ಬಿ ಬಿಚ್ಚಿದೆ.

ಅರ್ಧ ಊಟವಾಗಿತ್ತು, ಮ್ಯಾನೇಜರು ಬಾಗಿಲಿಗೆ ಬಂದರು. ಊಟದ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಕೈಯಲ್ಲಿ ಕಂಬದಿಂದ ಕಿತ್ತ ನನ್ನ ಕಾಗದ.

"ಏಳು ಆದ್ಮೇಲೆ ಒಂಬತ್ತು ಬರೆದಿದ್ದೀರಿ. ಎಂಟನೇ ಟ್ರೇ ಎಲ್ಲಿ?"

"ಊಟಕ್ಕೆ ಹೋಗಿದೆ ಸರ್," ಎಂದೆ.

ಎಲ್ಲರೂ ತಟ್ಟೆ ನೋಡುತ್ತ ಕೂತರು. ಮ್ಯಾನೇಜರು ನನ್ನನ್ನೇ ನೋಡಿದರು. "ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ."

ನನ್ನ ಬಲಗೈ ಎಂಜಲಾಗಿತ್ತು. ತೊಳೆಯಲು ಏಳಬೇಕೆನ್ನುವಷ್ಟರಲ್ಲಿ ಪ್ರೆಸ್‌ನಾಕೆ ಎದ್ದು, ತನ್ನ ಕೈ ತೊಳೆದು ಬಂದು, ಮ್ಯಾನೇಜರ ಜೇಬಿನ ಪೆನ್ನನ್ನು ಕೇಳಿ ತೆಗೆದುಕೊಂಡಳು. ಕಾಗದವನ್ನು ಮೇಜಿನ ಮೇಲೆ ಹಾಸಿ, ಎಂಟನೇ ಸಾಲಿನ ಖಾಲಿ ಜಾಗದಲ್ಲಿ 'ಊಟ' ಎಂದು ದೊಡ್ಡದಾಗಿ ಬರೆದು, ಕೆಳಗೆ ತನ್ನ ರುಜು ಹಾಕಿದಳು. ಪೆನ್ನನ್ನು ಪಕ್ಕದವರಿಗೆ ಕೊಟ್ಟಳು. ಅವರೂ ಹಾಕಿದರು. ನನ್ನ ಹತ್ತಿರ ಬರುವಷ್ಟರಲ್ಲಿ ಸಾಲಿನಲ್ಲಿ ಜಾಗ ಮುಗಿದಿತ್ತು, ಅಂಚಿನಲ್ಲಿ ಹಾಕಿದೆ.